ಜಪಾನಿಗೆ ಹೊರಟವರು ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಹಾಸನ, ಅರಸೀಕೆರೆ, ಸಕಲೇಶಪುರ ಕಡೆಯಿಂದ ಟೆಕ್ನಿಕಲ್ ಇಂಟರ್ನ್ (ಅಲ್ಲಿನ ಕಂಪನಿಯಲ್ಲಿ ದುಡಿಯುತ್ತಾ ಕೆಲಸ ಕಲಿಯುವವರು) ಆಗಿ ಹೊರಟಿರುವ ತಮ್ಮಂದಿರು, ತಂಗಿಯರಿಗೆ ಈ ಸೂಚನೆ.

ಮೊದಲು ಪಾಸ್‌ಪೋರ್ಟ್. ಅದು ನಿಮ್ಮ ಹತ್ತಿರವೇ ಇರಬೇಕು. "ಭದ್ರವಾಗಿ ಇಟ್ಟಿರ್ತೀವಿ, ಕೊಡಿ" ಅಂತ ಕಂಪನಿಯವರು ಎಷ್ಟೇ ಪ್ರೀತಿಯಿಂದ ಕೇಳಿದರೂ ಕೊಡಬೇಡಿ. ಇಂಟರ್ನ್‌ಗಳ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ (ಅಲ್ಲಿ ವಾಸಿಸುವ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ) ಇಟ್ಟುಕೊಳ್ಳಲು ಅಲ್ಲಿನ ಕಾನೂನು ಬಿಡುವುದಿಲ್ಲ. ಅಂಗಡಿಗೆ ಹೋಗುವಾಗಲೂ ಕಾರ್ಡ್ ಜೇಬಿನಲ್ಲಿರಲಿ. ಮನೆ ಸೇರಿದ 14 ದಿನದೊಳಗೆ ಆ ಊರಿನ ಆಡಳಿತ ಕಚೇರಿಯಲ್ಲಿ ವಿಳಾಸ ಬರೆಸಬೇಕು.

8 ಗಂಟೆಗೆ ಕೆಲಸ ಅಂದರೆ ಯೂನಿಫಾರ್ಮ್ ಹಾಕಿ ಐದತ್ತು ನಿಮಿಷ ಮೊದಲೇ ಜಾಗದಲ್ಲಿರಿ. ಹೇಳಿದ್ದು ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ. ನಮ್ಮ ಕಡೆ ಮೇಸ್ತ್ರಿ ಹತ್ತಿರ ಮತ್ತೆ ಕೇಳೋಕೆ ಸಂಕೋಚ ಅಲ್ವಾ? ಆ ಸಂಕೋಚ ಇಲ್ಲೇ ಬಿಟ್ಟು ಹೋಗಿ. ಮಷಿನ್ ಮುಂದೆ ಗೊತ್ತಿಲ್ಲದೆ "ಹೂಂ" ಅಂದರೆ ಬೆರಳೇ ಹೋದೀತು. ತಪ್ಪಾದರೆ ಮುಚ್ಚಿಡದೆ ತಕ್ಷಣ ಹೇಳಿ. ಸಣ್ಣದಾದರೂ ಸರಿ.

ಓವರ್‌ಟೈಮ್‌ಗೆ ಕನಿಷ್ಠ ಶೇ. 25 ಜಾಸ್ತಿ ಕೊಡಬೇಕು. ಸಂಬಳದ ಚೀಟಿ ಎಸೆಯಬೇಡಿ. ರಜಾ ದಿನ ಬೇರೆ ಕಡೆ ದುಡಿಯುವಂತಿಲ್ಲ, ವೀಸಾಗೇ ಕುತ್ತು. ಕಸ ಬೇರೆ ಬೇರೆ ಮಾಡಿ, ಆಯಾ ಕಸಕ್ಕೆ ಗೊತ್ತುಮಾಡಿದ ದಿನವೇ ಹಾಕಿ. ಪೊಲೀಸ್ 110, ಆಂಬುಲೆನ್ಸ್ 119.

ಮನೆಯವರಿಗೂ ಹೇಳಿಡಿ: ಇಲ್ಲಿ ರಾತ್ರಿ 9 ಆದಾಗ ಅಲ್ಲಿ ಮಧ್ಯರಾತ್ರಿ 12:30, ಆ ಹೊತ್ತಲ್ಲಿ ಫೋನ್ ಮಾಡಬೇಡಿ ಅಂತ. ನಿದ್ದೆ ಕೆಟ್ಟು ಮಷಿನ್ ಮುಂದೆ ನಿಲ್ಲುವುದು ಅಪಾಯ. ಪಾಸ್‌ಪೋರ್ಟ್, ಒಪ್ಪಂದದ ಒಂದೊಂದು ಜೆರಾಕ್ಸ್ ಊರಲ್ಲಿ ಕೊಟ್ಟು ಹೋಗಿ. ಏನೇ ಅನುಮಾನವಿದ್ದರೂ ಗುಂಪಿನಲ್ಲೇ ಕೇಳಿ.