ಚಿಟ್ಟಿಗೆ ಹೊಸ ಗರಿ ಬಂದಿದೆ

ನಾನು ಸಾಕಿರುವ ಕಾಕಟೀಲ್ (ಜುಟ್ಟಿರುವ ಪುಟ್ಟ ಗಿಳಿ) ಚಿಟ್ಟಿಯ ಎಡರೆಕ್ಕೆಯಲ್ಲಿ ಮುರಿದ ಗರಿಯಿದ್ದ ಜಾಗದಲ್ಲಿ ಹೊಸದು ಪೂರ್ತಿ ಬೆಳೆದಿದೆ. ನಿನ್ನೆ ಸಂಜೆ ಪಂಜರದ ಬಾಗಿಲಿನಿಂದ ಹಾರಿ ಕಿಟಕಿ ಪರದೆಯ ಮೇಲೆ ಕೂತಳು. ಆರು ವಾರದ ಮೇಲೆ ಇದೇ ಮೊದಲು. ಆರು ವಾರದ ಹಿಂದೆ ಒಂದು ರಾತ್ರಿ ಕತ್ತಲಲ್ಲಿ ಬೆದರಿ ಅವಳು ಬೆಳೆಯುತ್ತಿದ್ದ ಆ ಗರಿ ಮುರಿದುಕೊಂಡಳು, ರಕ್ತ ಸೋರತೊಡಗಿತು.

ಬೆಳಗ್ಗೆ ಏಳಕ್ಕೆ ಕಾರು ತಂದು ನಿಲ್ಲಿಸಿದ ಗೆಳೆಯ, ಬಾಗಿಲು ತೆಗೆದ ಕೂಡಲೇ ನಮ್ಮನ್ನು ಒಳಗೆ ಕರೆದ ಹಕ್ಕಿ ಡಾಕ್ಟರು, ನನ್ನ ಪಾಲಿನ ಕೆಲಸ ಹೊತ್ತ ಆಫೀಸಿನವರು, ದಿನಾ ತಪ್ಪದೆ ವಿಚಾರಿಸಿದ ನೀವು, ಎಲ್ಲರಿಗೂ ಮನಸಾರೆ ಧನ್ಯವಾದ.

ಮೇಲಿನ ಮನೆ ಅಕ್ಕನ ಬಗ್ಗೆ ಮಾತ್ರ ಇಷ್ಟಕ್ಕೇ ನಿಲ್ಲಿಸಲಾರೆ.

ರಾತ್ರಿ 1.40ಕ್ಕೆ ಫೋನ್ ಮಾಡಿದಾಗ ಅವರು ಏನಾಯಿತೆಂದು ಕೇಳಲಿಲ್ಲ. ‘ರಕ್ತ ನಿಂತಿದೆಯಾ, ಇಲ್ಲವಾ?’ ಎಂದರು. ಎರಡು ನಿಮಿಷದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಕೆಳಗೆ ಬಂದರು. ನಾನು ಟವೆಲಿನಲ್ಲಿ ಅವಳನ್ನು ಬಿಗಿಯಾಗಿ ಅವುಚಿಕೊಂಡಿದ್ದೆ. ‘ಎದೆ ಒತ್ತಬೇಡ, ಹಕ್ಕಿ ಉಸಿರಾಡುವುದೇ ಎದೆಗೂಡು ಆಡಿಸಿ’ ಎಂದು ಬಿಡಿಸಿ, ತಲೆಯನ್ನು ಎರಡು ಬೆರಳ ನಡುವೆ ಹಗುರಾಗಿ ಹಿಡಿದರು. ಬೆಳೆಯುತ್ತಿರುವ ಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ, ಮುರಿದರೆ ಸೋರುತ್ತಲೇ ಇರಬಹುದು. ಅಲ್ಲಿಗೆ ಕಾರ್ನ್‌ಫ್ಲೋರ್ ಮೆತ್ತಿ, ಗಾಜ್ ಬಟ್ಟೆ ಇಟ್ಟು ಮೆಲ್ಲಗೆ ಅದುಮಿ ಕೂತರು. ಗರಿ ಕೀಳಲು ಹೋಗಲಿಲ್ಲ, ಅದು ಡಾಕ್ಟರ ಕೆಲಸ ಎಂದರು. ತೊಂಬತ್ತು ಗ್ರಾಮಿನ ಕಾಕಟೀಲ್ ಮೈಯಲ್ಲಿ ಇರುವ ರಕ್ತವೇ ಸುಮಾರು 9 ಮಿ.ಲೀ., ಎರಡು ಟೀ ಚಮಚಕ್ಕೂ ಕಡಿಮೆ. ನನಗೆ ಇದು ಆಮೇಲೆ ಗೊತ್ತಾಯಿತು. ಅಕ್ಕನಿಗೆ ಆಗಲೇ ಗೊತ್ತಿತ್ತು, ಆದರೂ ಅವರ ಕೈ ನಡುಗಲಿಲ್ಲ.

ರಕ್ತ ನಿಂತ ಮೇಲಿನ ಹೊತ್ತೇ ಕಷ್ಟದ್ದು. ನಾನು ಫೋನ್ ಮಾಡಿದ ಎರಡು ಕ್ಲಿನಿಕ್‌ಗಳಲ್ಲೂ ರಾತ್ರಿ ಹೊತ್ತು ನಾಯಿ, ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಅಕ್ಕ ಸಣ್ಣ ಪಂಜರದ ಅರ್ಧ ಭಾಗಕ್ಕೆ ಮಾತ್ರ ತಾಗುವಂತೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಟ್ಟರು, ಸೆಕೆಯಾದರೆ ಆಚೆ ಸರಿಯಲಿ ಎಂದು. ಒಳಗೆ ಥರ್ಮಾಮೀಟರ್ ಇಟ್ಟು 30 ಡಿಗ್ರಿ ದಾಟದಂತೆ ನೋಡಿಕೊಂಡರು. ಬಾಯಿಗೆ ನೀರು ಹನಿಸಲು ಹೋದ ನನ್ನ ಕೈ ತಡೆದರು, ನಿತ್ರಾಣದ ಹಕ್ಕಿಗೆ ನೀರು ಉಸಿರ್ನಾಳಕ್ಕೆ ಹೋಗಿಬಿಡುತ್ತದಂತೆ. ಆಮೇಲೆ ದೀಪ ಸಣ್ಣದು ಮಾಡಿ, ಇಬ್ಬರೂ ದೂರ ಕೂತೆವು. ಅವರು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದರು. 2.05, ರಕ್ತ ನಿಂತಿತು. 3.10, ಮೈ ಉಬ್ಬಿಸಿ ಕೂತಿದೆ, ಬಾಲ ಉಸಿರಿನ ಜತೆ ಕುಣಿಯುತ್ತಿದೆ. 4.25, ಹಿಕ್ಕೆ ಹಾಕಿತು. ಬೆಳಗ್ಗೆ ಡಾಕ್ಟರು ಮೊದಲು ಓದಿದ್ದು ಆ ಹಾಳೆಯನ್ನೇ.

ನಾಲ್ಕಕ್ಕೂ ಮುಂಚೆ ನಾನು ಅತ್ತುಬಿಟ್ಟೆ. ಅಕ್ಕ ಹೋದ ವರ್ಷವೇ ಒಂದು ಚೀಟಿ ಕೊಟ್ಟಿದ್ದರು: ಡಬ್ಬಿಯಲ್ಲಿ ಏನೇನಿರಬೇಕು, ಹಕ್ಕಿ ನೋಡುವ ಡಾಕ್ಟರು ಯಾರು, ರಾತ್ರಿ ಯಾರಿದ್ದಾರೆಂದು ಮೊದಲೇ ಕೇಳಿಟ್ಟುಕೋ ಎಂದು. ಅದು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅವಳು ಸತ್ತರೆ ಅದು ನನ್ನ ಸೋಮಾರಿತನದಿಂದ ಎಂದೆ. ಅಕ್ಕ ಹಾಗೇನಿಲ್ಲ ಎಂದು ಸಮಾಧಾನ ಹೇಳಲಿಲ್ಲ. ‘ಈಗ ಉಸಿರು ಎಣಿಸು’ ಎಂದು ಗಡಿಯಾರ ಕೈಗೆ ಕೊಟ್ಟರು. ಎಣಿಸಿದೆ. ಎಣಿಸುತ್ತಾ ಎಣಿಸುತ್ತಾ ನನ್ನ ಉಸಿರೂ ಹದಕ್ಕೆ ಬಂತು.

ಅಕ್ಕನ ಮನೆಯಲ್ಲಿ ಈಗ ಹಕ್ಕಿಯಿಲ್ಲ. ಅವರ ಹಕ್ಕಿ ಹೋಗಿ ಮೂರು ವರ್ಷವಾಯಿತು. ಡಬ್ಬಿಯಲ್ಲಿದ್ದ ಕಾರ್ನ್‌ಫ್ಲೋರ್ ಪೊಟ್ಟಣ ಮಾತ್ರ ಹೊಸದಾಗಿತ್ತು. ಯಾಕೆಂದು ನಾನು ಕೇಳಿಲ್ಲ. ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ನೆನಪಾಗುತ್ತದೆ.

ಈಗ ನನ್ನ ಡಬ್ಬಿಯೂ ಪಂಜರದ ಪಕ್ಕದಲ್ಲಿದೆ. ಸಾಗಿಸುವ ಪಂಜರಕ್ಕೆ ಟವೆಲ್ ಹಾಸಿಯೇ ಇಟ್ಟಿದ್ದೇನೆ. ರಾತ್ರಿಗೆ ಸಣ್ಣ ದೀಪ ಉರಿಯುತ್ತದೆ, ಕಾಕಟೀಲ್‌ಗಳಿಗೆ ಕತ್ತಲಲ್ಲಿ ಬೆದರುವುದು ಹೆಚ್ಚು. ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಗ್ರಾಮ್ ತಕ್ಕಡಿಯಲ್ಲಿ ತೂಗುತ್ತೇನೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ಗರಿ ಉಬ್ಬಿಸಿ ಕೂರುವ ಹೊತ್ತಿಗೆ ತಡವಾಗಿರಬಹುದು, ತೂಕ ಅದಕ್ಕೂ ಮುಂಚೆ ಹೇಳುತ್ತದೆ. ಹಕ್ಕಿ ಸಾಕಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಫೋನ್ ಮಾಡಿ ರಾತ್ರಿ ಹಕ್ಕಿ ನೋಡುವವರು ಯಾರೆಂದು ಕೇಳಿಟ್ಟುಕೊಳ್ಳಿ. ಕೈಮುಗಿದು ಕೇಳುತ್ತೇನೆ.

ಗಾಯವಾದ ವಾರ ಅವಳ ತೂಕ 84ಕ್ಕೆ ಇಳಿದಿತ್ತು. ಅಕ್ಕ ಬರೆದ ಹಾಳೆಯನ್ನು ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದೇನೆ. ಅದರ ಕೊನೆಯ ಸಾಲು, 6.50, ಕಾಳು ಕುಕ್ಕಿತು. ಅದರ ಕೆಳಗೆ ಇವತ್ತು ನಾನು ಬರೆದೆ: 92.