ಕ್ಯಾಂಟರ್ಬರಿಯಿಂದ ತಾತನಿಗೆ

ತಾತ, ನಮಸ್ಕಾರ.

ಮಂಡಿ ನೋವು ಹೇಗಿದೆ? ನಾನು ಆರಾಮಾಗಿದ್ದೇನೆ, ಮೇ ತಿಂಗಳಾದರೂ ಇಲ್ಲಿ ಸ್ವೆಟರ್ ಬಿಡೋ ಹಾಗಿಲ್ಲ ಅಷ್ಟೇ.

ಮೊನ್ನೆ ಸೇಂಟ್ ಲಾರೆನ್ಸ್ ಮೈದಾನಕ್ಕೆ ಕೆಂಟ್ ಕೌಂಟಿ, ಅಂದರೆ ಇಲ್ಲಿನ ಜಿಲ್ಲಾ ಟೀಮಿನ ಕ್ರಿಕೆಟ್ ಮ್ಯಾಚ್ ನೋಡಲು ಹೋಗಿದ್ದೆ. ಬೌಂಡರಿ ಒಳಗೇ ಮರ ಇರೋ ಮೈದಾನ ಅಂತ ಹೇಳ್ತಿದ್ದಿರಲ್ಲ, ಅದೇ. ಆ ಹಳೇ ಮರ 2005ರಲ್ಲಿ ಬಿದ್ದುಹೋಯಿತಂತೆ.

ಮಳೆ ಬಂದು ಆಟ ನಿಂತಿತು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಟಿಚ್ ಫ್ರೀಮನ್ ಕಥೆ ಶುರು ಮಾಡಿದರು. ಟಿಚ್ ಅಂದರೆ ಕುಳ್ಳ. ಐದಡಿ ಎರಡಿಂಚಿನ ಆಸಾಮಿ, ಹಾಕುತ್ತಿದ್ದದ್ದು ನಿಮ್ಮ ಪ್ರೀತಿಯ ಲೆಗ್ ಸ್ಪಿನ್. 1914ರಲ್ಲಿ ಕೆಂಟ್ ಟೀಮಿಗೆ ಬಂದರು, ಅಷ್ಟರಲ್ಲಿ ಯುದ್ಧ. ಮತ್ತೆ ಬಾಲು ಹಿಡಿಯೋ ಹೊತ್ತಿಗೆ ಮೂವತ್ತು ದಾಟಿತ್ತು. ನಮ್ಮ ಮನೆಯಲ್ಲಾಗಿದ್ದರೆ ಬ್ಯಾಂಕ್ ಪರೀಕ್ಷೆ ಕಟ್ಟು ಅಂದಿರುತ್ತಿದ್ದಿರಿ, ಅಲ್ವಾ? ಈ ಮನುಷ್ಯ 40ನೇ ವಯಸ್ಸಿನಲ್ಲಿ, 1928ರಲ್ಲಿ, ಒಂದೇ ಸೀಸನ್ನಿನಲ್ಲಿ 304 ವಿಕೆಟ್ ತೆಗೆದರು. ಒಂದೇ ಬೇಸಿಗೆ, ತಾತ! ಹೆಚ್ಚುಕಡಿಮೆ ಎರಡು ಸಾವಿರ ಓವರ್ ಹಾಕಿದ್ದಾರೆ, ಆ ಭುಜ ಏನಾಗಿರಬೇಡ. ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ, 300 ಮುಟ್ಟಿದವರು ಇವರೊಬ್ಬರೇ. ಸ್ಟಂಪ್ ಹಿಂದೆ ಕೆಂಟ್ ವಿಕೆಟ್ ಕೀಪರ್ ಲೆಸ್ ಏಮ್ಸ್. 1932ರಲ್ಲಿ ಏಮ್ಸ್ ಮಾಡಿದ ಸ್ಟಂಪಿಂಗೇ 64, ಕ್ರೀಸ್ ಬಿಟ್ಟವನ ಕಥೆ ಅಲ್ಲಿಗೆ ಮುಗೀತು.

ಈಗ ನೀವು ಏನಂತೀರಿ ಗೊತ್ತು. 'ಕೌಂಟಿ ವಿಕೆಟ್ಟೂ ಒಂದು ವಿಕೆಟ್ಟಾ, ಟೆಸ್ಟಲ್ಲಿ ಎಷ್ಟು?' 12 ಟೆಸ್ಟ್, 66 ವಿಕೆಟ್. ಆಸ್ಟ್ರೇಲಿಯಾ ಮೇಲೆ ಆಡಿಸಿದ್ದು ಬರೀ ಎರಡು, ಸಿಕ್ಕಿದ್ದು 8. ನನಗೆ ಹೊಟ್ಟೆ ಉರಿದದ್ದು ಮುಂದಿನ ಸಂಗತಿಗೆ. ಆ 304 ವಿಕೆಟ್ ಬಂದ ವರ್ಷವೇ ಚಳಿಗಾಲದಲ್ಲಿ ಇವರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಗೆ ಕರೆದುಕೊಂಡು ಹೋದರು, ಒಂದು ಟೆಸ್ಟೂ ಆಡಿಸದೆ ವಾಪಸ್ ತಂದರು. ದೊಡ್ಡ ಬ್ಯಾಟ್ಸ್‌ಮನ್‌ಗಳ ಹತ್ತಿರ ಇವರ ಆಟ ನಡೆಯಲ್ಲ ಅನ್ನೋದು ಆಗಿನ ಮಾತು. ಇರಬಹುದು. ಆದರೆ ಒಟ್ಟು 3,776 ವಿಕೆಟ್ ಎಲ್ಲಾ ಬಾಲಂಗೋಚಿಗಳದ್ದೇ ಆಗಿರೋಕೆ ಸಾಧ್ಯಾನಾ?

1936ರಲ್ಲಿ ಆಟ ಮುಗಿಸಿದರು, 48 ವರ್ಷ. ಆಮೇಲೆ ಮನೆಗೆ ಇಟ್ಟ ಹೆಸರು ಡನ್‌ಬೋಲಿನ್, ಅಂದರೆ ಬೌಲಿಂಗ್ ಮಾಡಿದ್ದಾಯ್ತು ಅಂತ! ಓದಿ ನಕ್ಕುಬಿಟ್ಟೆ.

ಮತ್ತೆ, ಕೌಂಟಿ ಅಂದರೆ ಮೂಗು ಮುರಿಯೋ ನೀವೇ, 1995ರಲ್ಲಿ ಕುಂಬ್ಳೆ ನಾರ್ತಾಂಪ್ಟನ್‌ಶೈರ್‌ಗೆ 105 ವಿಕೆಟ್ ತೆಗೆದಾಗ ಪೇಪರ್ ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿರಲಿಲ್ವಾ? ಅದಿನ್ನೂ ಇದ್ದರೆ ಪುಟ್ಟಿ ಕೈಲಿ ಫೋಟೋ ತೆಗೆಸಿ ಕಳಿಸಿ. ಮುಂದಿನ ಮ್ಯಾಚಿಗೆ ಆ ಮುದುಕರು ಬರ್ತಾರೆ, ತೋರಿಸಬೇಕು.

ಅಜ್ಜಿಗೆ ನಮಸ್ಕಾರ.

ನಿಮ್ಮ ಮೊಮ್ಮಗ