ಇವ್ಯಾಂಜೆಲಿಯನ್: ಅನಿಮೆ ಮೊದಲು, ಮಂಗಾ ಆಮೇಲೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಚರ್ಚೆಗೆ ಅನಿಮೆ (ಜಪಾನಿನ ಆನಿಮೇಷನ್ ಸರಣಿ) ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ತಗೊಂಡಿದ್ದೀವಲ್ಲ, ದಯವಿಟ್ಟು 26 ಕಂತು ನೋಡಿ ಮುಗಿಸಿದ ಮೇಲೆಯೇ ಮಂಗಾ (ಅದೇ ಕಥೆಯ ಜಪಾನಿ ಕಾಮಿಕ್ಸ್) ಹಿಡೀರಿ. ಮಂಗಾ 1994ರ ಕೊನೆಗೇ ಶುರುವಾಯ್ತು, ಅನಿಮೆ ಪ್ರಸಾರ ಆಗಿದ್ದು 1995ರ ಅಕ್ಟೋಬರಿನಿಂದ. ಹಾಗಂತ ಮಂಗಾ ಮೂಲ ಅಲ್ಲ. ಅನಿಮೆಗೆ ಪಾತ್ರಗಳ ರೂಪ ಕೊಟ್ಟ ಸಾದಾಮೊಟೊ ಅವರೇ ಅದನ್ನೂ ಬರೆದು 2013ರಲ್ಲಿ ಮುಗಿಸಿದರು.

ಹಂದರ ಒಂದೇ, ಹುಡುಗ ಬೇರೆ. ಕಥಾನಾಯಕ ಶಿಂಜಿ ಅನಿಮೆಯಲ್ಲಿ ಮುದುಡಿಕೊಳ್ತಾನೆ, ಮಂಗಾದವನು ಸಿಡುಕಿ ಎದುರುತ್ತರ ಕೊಡ್ತಾನೆ. ಶಿಂಜಿಗೆ ಹತ್ತಿರವಾಗುವ ಹುಡುಗ ಕವೊರುವನ್ನಂತೂ ಗುರುತೇ ಹಿಡಿಯಲ್ಲ: ಅನಿಮೆಯಲ್ಲಿ ಒಂದೇ ಕಂತಿನಲ್ಲಿ ಮನಸ್ಸು ಕದಿಯುವವನು, ಮಂಗಾದಲ್ಲಿ ಶಿಂಜಿಯ ಕಣ್ಣೆದುರೇ ಬೆಕ್ಕಿನ ಮರಿಯ ಕತ್ತು ಮುರೀತಾನೆ, ಹೇಗೂ ಹಸಿವಿನಿಂದ ಸಾಯ್ತಿತ್ತು ಅಂತಾನೆ. ಶಿಂಜಿಗೆ ಹಿರಿಯಣ್ಣನಂತಿರುವ ಕಾಜಿಯ ಬಾಲ್ಯ, ಅವನ ತಮ್ಮನ ಕಥೆ ಮಂಗಾದಲ್ಲೇ ಸಿಗೋದು. ನನಗೆ ಅದೇ ಅದರ ದೊಡ್ಡ ಗಳಿಕೆ.

ಆದರೆ 22ನೇ ಕಂತಿನ ಲಿಫ್ಟ್ ದೃಶ್ಯ ನೆನಪಿಟ್ಟುಕೊಳ್ಳಿ. ಶಿಂಜಿಯ ಹಾಗೇ ದೈತ್ಯ ರೋಬೋಟ್ ನಡೆಸುವ ಹುಡುಗಿಯರಾದ ಅಸುಕಾ, ರೇ ಇಬ್ಬರೂ ಮಾತಿಲ್ಲದೆ ನಿಂತೇ ಇರ್ತಾರೆ, ಚಿತ್ರ ಅಲುಗಾಡೋದೇ ಇಲ್ಲ. ಆ ಉಸಿರುಗಟ್ಟುವ ಕಾಯುವಿಕೆ ಪುಟದ ಮೇಲೆ ಬರಲ್ಲ.

ಶಿಂಜಿಯ ಸಹಪಾಠಿ ತೋಜಿಗೆ ಏನಾಗುತ್ತೆ ಅನ್ನೋದು ಎರಡರಲ್ಲೂ ಬೇರೆ ಬೇರೆ. ಓದಿದವರು ಭಾನುವಾರದವರೆಗೆ ಗುಂಪಿನಲ್ಲಿ ಬಾಯಿ ಬಿಡಬೇಡಿ, ಪ್ಲೀಸ್.